ಆಶ್ರಯಧಾಮದಿಂದ ನಾಯಿ ತರುವುದಾದರೆ ಮರಿಯನ್ನೇ ತರಬೇಕೇ? ನಾಲ್ಕು ವರ್ಷದ ನಾಯಿ ಮನೆಗೆ ಹೊಂದಿಕೊಳ್ಳುತ್ತದೆಯೇ?

ಬನಶಂಕರಿ ನಿವಾಸಿ:
ಎಲ್ಲರಿಗೂ ನಮಸ್ಕಾರ. ನಾವು ಬೆಂಗಳೂರಿನ ಬನಶಂಕರಿಯಲ್ಲಿ, ಮೂರನೆಯ ಮಹಡಿಯ ಬಾಡಿಗೆ ಫ್ಲಾಟಿನಲ್ಲಿದ್ದೇವೆ. ನಾನು, ಯಜಮಾನರು, ಅತ್ತೆ ಮತ್ತು ಏಳು ವರ್ಷದ ಮಗಳು. ನಾವಿಬ್ಬರೂ ಕೆಲಸಕ್ಕೆ ಹೋಗುವವರು, ಅತ್ತೆ ದಿನವಿಡೀ ಮನೆಯಲ್ಲಿರುತ್ತಾರೆ. ಮಗಳು ನಾಯಿ ಬೇಕೆಂದು ಬಹಳ ಕಾಲದಿಂದ ಕೇಳುತ್ತಿದ್ದಾಳೆ. ಅಂಗಡಿಯಿಂದ ದುಡ್ಡು ಕೊಟ್ಟು ತರುವುದು ಬೇಡ, ಆಶ್ರಯಧಾಮದಿಂದ ತರೋಣ ಎಂಬ ವಿಷಯದಲ್ಲಿ ಮನೆಯವರೆಲ್ಲರೂ ಒಂದೇ ಮನಸ್ಸಿನವರು.

ಹೋದ ಭಾನುವಾರ ನಗರದ ಹೊರಗಿನ ಒಂದು ಆಶ್ರಯಧಾಮಕ್ಕೆ ಹೋಗಿದ್ದೆವು. ಮಗಳು ಎರಡು ತಿಂಗಳ ಮರಿಗಳ ಹತ್ತಿರದಿಂದ ಕದಲಲಿಲ್ಲ. ಅಲ್ಲಿನವರು ಮಾತ್ರ ನಮ್ಮ ಮನೆಯ ವಿವರ ಕೇಳಿಕೊಂಡು, ಸುಮಾರು ನಾಲ್ಕು ವರ್ಷದ ಕಂದು ಬಣ್ಣದ ಹೆಣ್ಣು ನಾಯಿಯೊಂದನ್ನು ತೋರಿಸಿದರು. ನಾಟಿ ನಾಯಿ. ವಾಹನ ಹರಿದು ಹಿಂಗಾಲು ಮುರಿದಿತ್ತಂತೆ, ಈಗ ಸ್ವಲ್ಪ ಕುಂಟುತ್ತದೆ. ಸಂತಾನಹರಣ ಶಸ್ತ್ರಚಿಕಿತ್ಸೆ, ಲಸಿಕೆ ಎಲ್ಲವೂ ಆಗಿದೆ. ಆದರೆ ಅದು ನಮ್ಮ ಹತ್ತಿರ ಬರಲೇ ಇಲ್ಲ. ಮೂಲೆಯಲ್ಲಿ ಮುದುಡಿಕೊಂಡು, ಮುಖ ತಿರುಗಿಸಿಕೊಂಡು ಕೂತಿತ್ತು. ಯಜಮಾನರಿಗೆ ಅದು ಹಿಡಿಸಲಿಲ್ಲ. ನನಗೆ ಮನೆಗೆ ಬಂದ ಮೇಲೂ ಅದೇ ಕಣ್ಣಿಗೆ ಕಟ್ಟಿದಂತಿದೆ.

ಬೀದಿಯಲ್ಲಿ ಬೆಳೆದು ದೊಡ್ಡದಾದ ನಾಯಿ ಫ್ಲಾಟಿಗೆ ಒಗ್ಗುತ್ತದೆಯೇ? ಮಗು ಇರುವ ಮನೆಗೆ ತರಬಹುದೇ? ಮನೆ ಮಾಲೀಕರನ್ನು ಹೇಗೆ ಒಪ್ಪಿಸುವುದು? ಅನುಭವವಿದ್ದವರು ದಯವಿಟ್ಟು ತಿಳಿಸಿ.

ಯಲಹಂಕದ ಸ್ವಯಂಸೇವಕಿ:
ವಾರಾಂತ್ಯಗಳಲ್ಲಿ ನಾನು ಒಂದು ಆಶ್ರಯಧಾಮದಲ್ಲಿ ಕೆಲಸ ಮಾಡುತ್ತೇನೆ. ನಿಮಗೆ ಆ ನಾಯಿಯನ್ನು ತೋರಿಸಿದವರು ನಿಮ್ಮ ಮನೆಯನ್ನು ಚೆನ್ನಾಗಿಯೇ ಅರ್ಥಮಾಡಿಕೊಂಡಿದ್ದಾರೆ.

ಎರಡು ತಿಂಗಳ ಮರಿಯನ್ನು ಹಗಲಿನಲ್ಲಿ ಎರಡು ಗಂಟೆಗೊಮ್ಮೆ ಮೂತ್ರಕ್ಕೆ ಕರೆದೊಯ್ಯಬೇಕು, ರಾತ್ರಿಯೂ ಏಳಬೇಕು. ಲಸಿಕೆಗಳು ಮುಗಿಯುವವರೆಗೆ, ಅಂದರೆ ಸುಮಾರು ನಾಲ್ಕು ತಿಂಗಳಾಗುವ ತನಕ, ಬೇರೆ ನಾಯಿಗಳು ಓಡಾಡುವ ಬೀದಿಯಲ್ಲಿ ಅದನ್ನು ನೆಲಕ್ಕೆ ಬಿಡುವಂತಿಲ್ಲ. ಹಲ್ಲು ಬದಲಾಗುವ ಕಾಲದಲ್ಲಿ ಚಪ್ಪಲಿ, ಶಾಲೆಯ ಚೀಲ, ಮಗುವಿನ ಕೈ ಯಾವುದನ್ನೂ ಬಿಡುವುದಿಲ್ಲ. ನೀವಿಬ್ಬರೂ ಕಚೇರಿಯಲ್ಲಿದ್ದಾಗ ಇದೆಲ್ಲ ಬೀಳುವುದು ನಿಮ್ಮ ಅತ್ತೆಯ ಮೇಲೆ. ಅವರ ಮೊಣಕಾಲು ಹೇಗಿದೆ, ದಿನಕ್ಕೆ ಹತ್ತು ಸಲ ಬಗ್ಗಿ ನೆಲ ಒರೆಸಬಲ್ಲರೇ ಎಂದು ಮೊದಲು ಯೋಚಿಸಿ. ಬೆಳೆದ ನಾಯಿ ದಿನಕ್ಕೆ ಮೂರು-ನಾಲ್ಕು ಬಾರಿ ಹೊರಗೆ ಹೋಗಿಬಂದರೆ ಉಳಿದ ಹೊತ್ತಿನ ಬಹುಪಾಲು ಮಲಗಿರುತ್ತದೆ.

ಇನ್ನೊಂದು ವಿಷಯ. ಮರಿ ದೊಡ್ಡದಾದ ಮೇಲೆ ಎಷ್ಟು ಎತ್ತರ ಬೆಳೆಯುತ್ತದೆ, ಅದರ ಸ್ವಭಾವ ಹೇಗಿರುತ್ತದೆ ಎಂದು ಯಾರೂ ಖಚಿತವಾಗಿ ಹೇಳಲಾರರು. ನಾಲ್ಕು ವರ್ಷದ ನಾಯಿ ಹೇಗಿದೆಯೋ ಹಾಗೆಯೇ ಕಣ್ಣೆದುರಿಗಿದೆ. ಊಟದ ತಟ್ಟೆಯ ಹತ್ತಿರ ಕೈ ಹೋದರೆ ಏನು ಮಾಡುತ್ತದೆ, ಮಕ್ಕಳು ಗದ್ದಲ ಮಾಡಿದರೆ ಏನು ಮಾಡುತ್ತದೆ, ಸ್ನಾನ ಮಾಡಿಸುವಾಗ, ಉಗುರು ಕತ್ತರಿಸುವಾಗ ಹೇಗಿರುತ್ತದೆ ಎಂಬುದೆಲ್ಲ ಅದಕ್ಕೆ ದಿನವೂ ಊಟ ಹಾಕುವವರಿಗೆ ಗೊತ್ತಿರುತ್ತದೆ. ಕಚೇರಿಯಲ್ಲಿ ಕೂತವರನ್ನಲ್ಲ, ಗೂಡು ತೊಳೆಯುವ, ಅನ್ನ ಹಾಕುವ ಸಿಬ್ಬಂದಿಯನ್ನು ಕೇಳಿ. ಅವರ ಮಾತಿಗಿಂತ ದೊಡ್ಡ ಪ್ರಮಾಣಪತ್ರ ಇಲ್ಲ.

ಅದು ಮೂಲೆಯಲ್ಲಿ ಮುದುಡಿ ಕೂತಿತ್ತು ಎಂದಿರಿ. ಸುತ್ತ ಹತ್ತಾರು ನಾಯಿಗಳು ಬೊಗಳುವ ಜಾಗದಲ್ಲಿ, ನಾಲ್ವರು ಅಪರಿಚಿತರು ಎದುರಿಗೆ ನಿಂತು ನೋಡುವಾಗ, ಮುಖ ತಿರುಗಿಸಿಕೊಳ್ಳುವುದು ‘ನನ್ನಿಂದ ನಿಮಗೆ ತೊಂದರೆಯಿಲ್ಲ, ನನ್ನನ್ನು ಬಿಟ್ಟುಬಿಡಿ’ ಎಂದು ಹೇಳುವ ನಾಯಿಯ ರೀತಿ. ಹಲ್ಲು ಕಿರಿಯುವುದಕ್ಕೆ ಎಲ್ಲ ಕಾರಣ ಇದ್ದೂ ಕಿರಿಯದ ನಾಯಿ ಅದು. ಮತ್ತೊಮ್ಮೆ ಹೋಗಿ, ಗೂಡಿನಿಂದ ಹೊರಗೆ ಕರೆದುಕೊಂಡು ಬರಲು ಹೇಳಿ, ಆವರಣದ ಆಚೆ ಅದರ ಜೊತೆ ಸುಮ್ಮನೆ ನಡೆಯಿರಿ. ಮಾತನಾಡಿಸಬೇಡಿ, ಮುಟ್ಟಬೇಡಿ. ಬೇರೆಯೇ ನಾಯಿಯನ್ನು ನೋಡಿದಂತಾಗುತ್ತದೆ.

ಮರಿಗಳಿಗೆ ಹೇಗಾದರೂ ಮನೆ ಸಿಗುತ್ತದೆ. ಆರು ತಿಂಗಳು ದಾಟಿದ ನಾಟಿ ನಾಯಿಯನ್ನು, ಅದರಲ್ಲೂ ಕುಂಟುವ ನಾಯಿಯನ್ನು ಕೇಳುವವರೇ ಇಲ್ಲ. ಮರಿಯಾಗಿ ಮನೆಗೆ ಹೋಗಿ, ಬೆಳೆದ ಮೇಲೆ ‘ಸಂಭಾಳಿಸಲಾಗುತ್ತಿಲ್ಲ’ ಎಂದು ಹಿಂದಕ್ಕೆ ಬಂದವೂ ನಮ್ಮಲ್ಲಿವೆ. ಹಾಗೆ ಬಂದವು ಎಷ್ಟೋ ದಿನ ಗೇಟಿನ ಕಡೆಗೇ ಮುಖ ಮಾಡಿ ಕೂರುತ್ತವೆ. ಅದನ್ನು ನೋಡುವ ಸಂಕಟ ಯಾರಿಗೂ ಬೇಡ. ಆದ್ದರಿಂದಲೇ ನಾವು ಅಷ್ಟೊಂದು ಪ್ರಶ್ನೆ ಕೇಳುತ್ತೇವೆ, ಮನೆ ನೋಡಲು ಬರುತ್ತೇವೆ, ಗುರುತಿನ ಚೀಟಿಯ ಪ್ರತಿ ಪಡೆಯುತ್ತೇವೆ. ನಿಮ್ಮ ಮೇಲೆ ಅನುಮಾನವೆಂದು ದಯವಿಟ್ಟು ತಿಳಿಯಬೇಡಿ.

ತೀರ್ಥಹಳ್ಳಿ ಕಡೆಯವರು:
ನನ್ನ ಅಭಿಪ್ರಾಯ ಬೇರೆ. ನಮ್ಮ ಕಡೆ ತೋಟದ ಮನೆಗಳಲ್ಲಿ ಕಣ್ಣು ಬಿಟ್ಟ ಮರಿಯನ್ನೇ ತಂದು ಸಾಕುವುದು. ಮನೆಯವರ ಕೈಯ ಅನ್ನ ಉಂಡು ಬೆಳೆದ ನಾಯಿಗೆ ಮನೆ ಎಂದರೆ ಪ್ರಾಣ. ಬೆಳೆದ ನಾಯಿಯನ್ನು ತಂದರೆ ಬಾಗಿಲು ತೆರೆದ ಕೂಡಲೇ ಹಳೆಯ ಜಾಗಕ್ಕೆ ಓಡಿಹೋಗುತ್ತದೆ. ನಮ್ಮ ನೆಂಟರ ಮನೆಯಲ್ಲಿ ಹೀಗೆಯೇ ಆಯಿತು.

ಯಲಹಂಕದ ಸ್ವಯಂಸೇವಕಿ:
ಹಿರಿಯರೇ, ಓಡಿಹೋಗುವ ಭಯ ನಿಜವಾದದ್ದೇ. ಹೊಸ ಮನೆಗೆ ಬಂದ ಮೊದಲ ವಾರದಲ್ಲಿ ಅದು ಅತಿ ಹೆಚ್ಚು. ನಾಯಿಗೆ ಇನ್ನೂ ಇದು ತನ್ನ ಮನೆ ಎಂದು ತಿಳಿದಿರುವುದಿಲ್ಲ, ಲಿಫ್ಟಿನ ಸದ್ದು, ಕುಕ್ಕರಿನ ಸೀಟಿ ಎಲ್ಲವೂ ಭಯವೇ. ಹೆದರಿದ ನಾಯಿ ಹಿಂದಕ್ಕೆ ಜಗ್ಗಿದರೆ ಸಾಮಾನ್ಯ ಕೊರಳಪಟ್ಟಿ ತಲೆಯಿಂದ ಕಳಚಿಕೊಳ್ಳುತ್ತದೆ. ಅದಕ್ಕೇ ಎದೆಗೆ ಹಾರ್ನೆಸ್, ಕತ್ತಿಗೆ ಪಟ್ಟಿ, ಎರಡಕ್ಕೂ ಬೇರೆ ಬೇರೆ ಹಗ್ಗ ಕಟ್ಟಿ ಹೊರಗೆ ಕರೆದೊಯ್ಯಬೇಕು. ಪಟ್ಟಿಯ ಮೇಲೆ ಮೊಬೈಲ್ ಸಂಖ್ಯೆ ಬರೆದಿರಬೇಕು. ಸಾಧ್ಯವಿದ್ದರೆ ಚರ್ಮದಡಿ ಇಡುವ ಗುರುತಿನ ಮೈಕ್ರೋಚಿಪ್ ಹಾಕಿಸಿ.

ಆದರೆ ಹೊಸ ಮನೆಗೆ ಮನಸ್ಸು ಕೊಡುವುದಿಲ್ಲ ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ನಾವೆಲ್ಲ ಮೂರು ದಿನ, ಮೂರು ವಾರ, ಮೂರು ತಿಂಗಳು ಎಂದು ಲೆಕ್ಕ ಹೇಳುತ್ತೇವೆ. ಮೂರು ದಿನ ದಿಗಿಲು: ಉಣ್ಣದೆ ಇರಬಹುದು, ಮಂಚದ ಕೆಳಗಿನಿಂದ ಬರದೆ ಇರಬಹುದು. ಮೂರು ವಾರಕ್ಕೆ ಮನೆಯ ಹೊತ್ತು-ಗೊತ್ತು ತಿಳಿಯುತ್ತದೆ, ಅಡಗಿಸಿಟ್ಟ ಸ್ವಭಾವವೂ, ಕೆಲವೊಮ್ಮೆ ಹಟವೂ ಹೊರಗೆ ಬರುತ್ತದೆ. ಮೂರು ತಿಂಗಳಿಗೆ ಮನೆಯ ನಾಯಿ. ಕೆಲವಕ್ಕೆ ಇನ್ನೂ ಹೆಚ್ಚು ಕಾಲ ಬೇಕಾಗುತ್ತದೆ. ಎಷ್ಟೋ ಜನ ಎರಡನೆಯ ದಿನವೇ ಫೋನ್ ಮಾಡಿ, ‘ಅದು ನಮ್ಮನ್ನು ಇಷ್ಟಪಡುತ್ತಿಲ್ಲ’ ಎನ್ನುತ್ತಾರೆ. ನೆಂಟರ ಮನೆಯಲ್ಲಿ ಎರಡನೆಯ ದಿನಕ್ಕೆ ನಾವು ಕಾಲು ಚಾಚಿ ಮಲಗುತ್ತೇವೆಯೇ?

ಹಾಸನದ ಪಶುವೈದ್ಯ:
ಆರೋಗ್ಯದ ಬಗ್ಗೆ ಯಾರೂ ಬರೆದಿಲ್ಲವಾದ್ದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ.

ಮರಿ ತರುವವರಿಗೆ ಮೊದಲ ಶತ್ರು ಪಾರ್ವೋ ಎಂಬ ವೈರಾಣು ರೋಗ. ವಾಂತಿ, ರಕ್ತಭೇದಿ, ಎರಡು ದಿನದಲ್ಲಿ ಮರಿ ಕೈತಪ್ಪಬಹುದು. ವೈರಾಣು ಮೈ ಸೇರಿ ರೋಗ ಕಾಣಿಸಿಕೊಳ್ಳುವುದಕ್ಕೆ ವಾರದ ಆಸುಪಾಸು ಹಿಡಿಯುವುದರಿಂದ, ಆಶ್ರಯಧಾಮದಲ್ಲಿ ಚೆನ್ನಾಗಿದ್ದ ಮರಿ ಮನೆಗೆ ಬಂದು ನಾಲ್ಕನೆಯ ದಿನ ಮಲಗುವುದುಂಟು. ಅದರಲ್ಲಿ ಆಶ್ರಯಧಾಮದವರ ಮೋಸವಿಲ್ಲ. ಈ ಹಿಂದೆ ನಿಮ್ಮ ಮನೆಯಲ್ಲಿ ಪಾರ್ವೋದಿಂದ ಮರಿ ಸತ್ತಿದ್ದರೆ, ಆ ವೈರಾಣು ನೆಲದಲ್ಲಿ ತಿಂಗಳುಗಟ್ಟಲೆ ಉಳಿಯುತ್ತದೆ, ಲಸಿಕೆ ಪೂರ್ತಿಯಾಗದ ಮರಿಯನ್ನು ಅಲ್ಲಿಗೆ ತರಲೇಬೇಡಿ. ಪಾರ್ವೋ ಸೇರಿ ಹಲವು ರೋಗಗಳಿಗೆ ಒಟ್ಟಿಗೆ ಕೊಡುವ ಸಂಯುಕ್ತ ಲಸಿಕೆಯನ್ನು ಆರರಿಂದ ಎಂಟು ವಾರಕ್ಕೆ ಆರಂಭಿಸಿ, ಮೂರು-ನಾಲ್ಕು ವಾರಕ್ಕೊಮ್ಮೆ ಹದಿನಾರು ವಾರದ ತನಕ ಕೊಡಿಸಬೇಕು. ರೇಬೀಸ್ ಲಸಿಕೆ ಮೂರು ತಿಂಗಳಿಗೆ, ಆಮೇಲೆ ವೈದ್ಯರು ಹೇಳಿದಂತೆ ತಪ್ಪದೆ ಪ್ರತಿವರ್ಷ.

ಬೆಳೆದ ನಾಟಿ ನಾಯಿಗೆ ಈ ಗಂಡಾಂತರ ಬಹಳ ಕಡಿಮೆ. ಅದಕ್ಕೆ ನೋಡಬೇಕಾದದ್ದು ಉಣ್ಣೆಜ್ವರ. ಉಣ್ಣೆ ಕಚ್ಚುವುದರಿಂದ ರಕ್ತಕ್ಕೆ ಸೇರುವ ಎರ್ಲಿಕಿಯಾ, ಬಬೇಸಿಯಾ ಎಂಬ ಸೂಕ್ಷ್ಮಜೀವಿಗಳು ಇದಕ್ಕೆ ಕಾರಣ. ಎರ್ಲಿಕಿಯಾ ತಿಂಗಳುಗಟ್ಟಲೆ ಸದ್ದಿಲ್ಲದೆ ಮೈಯಲ್ಲಿ ಇರಬಲ್ಲದು. ಊಟ ಬಿಡುವುದು, ಒಸಡು ಬಿಳಿಚಿಕೊಳ್ಳುವುದು, ಮೂಗಿನಿಂದ ರಕ್ತ, ಕಾಫಿ ಬಣ್ಣದ ಮೂತ್ರ ಕಂಡರೆ ಬೆಳಗಾಗುವ ತನಕ ಕಾಯಬೇಡಿ. ತರುವ ಮೊದಲೇ ಒಂದು ರಕ್ತಪರೀಕ್ಷೆ ಮಾಡಿಸಿ ಎಂದು ಕೇಳಿ. ಎರ್ಲಿಕಿಯಾ ಇದ್ದರೂ ಹೆದರಬೇಕಿಲ್ಲ, ಸುಮಾರು ನಾಲ್ಕು ವಾರ ಡಾಕ್ಸಿಸೈಕ್ಲಿನ್ ಕೊಟ್ಟರೆ ಹೆಚ್ಚಿನವು ಚೇತರಿಸಿಕೊಳ್ಳುತ್ತವೆ. ಎರಡು ದಿನಕ್ಕೆ ಜ್ವರ ಬಿಟ್ಟಿತೆಂದು ಮಾತ್ರೆ ನಿಲ್ಲಿಸುವವರೇ ತಿಂಗಳ ನಂತರ ಮತ್ತೆ ನನ್ನ ಬಳಿ ಬರುತ್ತಾರೆ. ನಾಯಿಗೆ ಜ್ವರವೆಂದು ನಿಮ್ಮ ಮನೆಯ ಪ್ಯಾರಸಿಟಮಾಲ್ ಕೊಡಬೇಡಿ, ಅದು ವಿಷವಾಗಬಹುದು.

ಮುರಿದು ಕೂಡಿದ ಕಾಲಿನ ಬಗ್ಗೆ: ಎಕ್ಸ್-ರೇ ಚಿತ್ರದ ಪ್ರತಿ ಕೇಳಿ ಪಡೆದುಕೊಳ್ಳಿ. ನುಣುಪಾದ ಟೈಲ್ಸ್ ನೆಲದಲ್ಲಿ ಅಂಥ ಕಾಲು ಜಾರುತ್ತದೆ, ಓಡಾಡುವ ದಾರಿಯಲ್ಲಿ ಚಾಪೆ ಅಥವಾ ರಬ್ಬರ್ ಹಾಸು ಹಾಕಿ. ತೂಕ ಹೆಚ್ಚಲು ಬಿಡಬೇಡಿ. ವಯಸ್ಸಾದಾಗ ಆ ಕೀಲಿಗೆ ನೋವು ಬರಬಹುದು, ಅದಕ್ಕೆ ಔಷಧವಿದೆ. ಇಷ್ಟು ಬಿಟ್ಟರೆ ಕುಂಟುವ ನಾಯಿ ನಾಯಿಯಾಗಿಯೇ ಸುಖವಾಗಿರುತ್ತದೆ. ಮರುಕ ಪಡುವವರು ನಾವು, ಅದು ಪಡುವುದಿಲ್ಲ.

ಹುಬ್ಬಳ್ಳಿಯ ಶಿಕ್ಷಕ:
ಎಲ್ಲರೂ ನಾಯಿಯ ಕಡೆಯಿಂದಲೇ ಮಾತನಾಡುತ್ತಿದ್ದೀರಿ. ನಮ್ಮ ಶಾಲೆಯ ಎರಡನೆಯ ತರಗತಿಯ ಹುಡುಗನೊಬ್ಬನನ್ನು ಬೀದಿನಾಯಿ ಕಚ್ಚಿದಾಗ ಆಸ್ಪತ್ರೆಗೆ ಎತ್ತಿಕೊಂಡು ಓಡಿದವನು ನಾನು. ಅವನ ಕೆನ್ನೆಯ ಗಾಯ ನನಗೆ ಮರೆಯುವುದಿಲ್ಲ. ಬೀದಿಯಲ್ಲಿ ನಾಲ್ಕು ವರ್ಷ ಬದುಕಿದ ಪ್ರಾಣಿಯನ್ನು ಏಳು ವರ್ಷದ ಮಗುವಿರುವ ಮನೆಗೆ ತನ್ನಿ ಎಂದು ಹೇಳಲು ನಿಮಗೆ ಧೈರ್ಯ ಹೇಗೆ ಬರುತ್ತದೆ? ಸುಪ್ರೀಂ ಕೋರ್ಟಿನ ತನಕ ಹೋದ ಸಮಸ್ಯೆ ಇದು.

ಹಾಸನದ ಪಶುವೈದ್ಯ:
ಮೇಷ್ಟ್ರೇ, ನಿಮ್ಮ ಮಾತನ್ನು ಯಾರೂ ಹಗುರವಾಗಿ ತೆಗೆದುಕೊಳ್ಳಬಾರದು. ನಾಯಿ ಕಚ್ಚಿದರೆ, ಪರಚಿದರೆ, ಅದು ಸಾಕಿದ ನಾಯಿಯೇ ಆಗಿರಲಿ, ಕೂಡಲೇ ಹರಿಯುವ ನೀರಿನಲ್ಲಿ ಸಾಬೂನು ಹಚ್ಚಿ ಹದಿನೈದು ನಿಮಿಷ ತೊಳೆಯಬೇಕು. ಅರಿಸಿನ, ಸುಣ್ಣ, ಮೆಣಸಿನಪುಡಿ ಏನನ್ನೂ ಮೆತ್ತಬಾರದು. ಅದೇ ದಿನ ಆಸ್ಪತ್ರೆಗೆ ಹೋಗಿ, ವೈದ್ಯರು ಹೇಳಿದ ಎಲ್ಲ ದಿನಗಳ ಚುಚ್ಚುಮದ್ದನ್ನೂ ಪೂರ್ತಿ ಹಾಕಿಸಿಕೊಳ್ಳಬೇಕು. ಗಾಯ ಆಳವಾಗಿದ್ದರೆ ಅಥವಾ ಮುಖದ ಮೇಲಾಗಿದ್ದರೆ ಗಾಯದ ಸುತ್ತ ಇಮ್ಯುನೋಗ್ಲಾಬ್ಯುಲಿನ್ (ಸಿದ್ಧ ಪ್ರತಿಕಾಯಗಳ ಚುಚ್ಚುಮದ್ದು) ಕೂಡ ಬೇಕು. ರೋಗಲಕ್ಷಣ ಕಾಣಿಸಿಕೊಂಡ ಮೇಲೆ ರೇಬೀಸ್‌ಗೆ ಮದ್ದಿಲ್ಲ.

ನೀವು ಹೇಳಿದ ಪ್ರಕರಣದಲ್ಲಿಯೇ, 2025ರ ಆಗಸ್ಟ್ 22ರಂದು ದೆಹಲಿ ಪ್ರದೇಶದ ಬೀದಿನಾಯಿಗಳನ್ನೆಲ್ಲ ಹಿಡಿದು ಆಶ್ರಯಧಾಮಗಳಲ್ಲಿ ಇಡಬೇಕೆಂಬ ತನ್ನ ಹಿಂದಿನ ಆದೇಶವನ್ನು ಸುಪ್ರೀಂ ಕೋರ್ಟ್ ಮಾರ್ಪಡಿಸಿದಾಗ, ಬೀದಿನಾಯಿಗಳನ್ನು ದತ್ತು ಪಡೆಯಲು ಇಚ್ಛಿಸುವವರು ಸ್ಥಳೀಯ ಸಂಸ್ಥೆಗೆ ಅರ್ಜಿ ಹಾಕಬಹುದು, ಹಾಗೆ ಪಡೆದ ನಾಯಿ ಮತ್ತೆ ಬೀದಿಗೆ ಬಾರದಂತೆ ನೋಡಿಕೊಳ್ಳುವುದು ಅವರದೇ ಹೊಣೆ ಎಂದೂ ಹೇಳಿತು. ಲಸಿಕೆಯಾದ, ಶಸ್ತ್ರಚಿಕಿತ್ಸೆಯಾದ ಒಂದು ನಾಯಿ ಮನೆ ಸೇರಿದರೆ ಬೀದಿಯಲ್ಲಿ ಒಂದು ನಾಯಿ ಕಡಿಮೆಯಾಯಿತು. ನಿಮ್ಮ ಕಾಳಜಿಗೂ ದತ್ತು ಪಡೆಯುವುದಕ್ಕೂ ವೈರವಿಲ್ಲ.

ಮಗುವಿನ ವಿಷಯಕ್ಕೆ ಬಂದರೆ, ಕಚ್ಚುವುದು ತಳಿಯನ್ನೋ ಹುಟ್ಟಿದ ಜಾಗವನ್ನೋ ಮಾತ್ರ ನೋಡಿ ಹೇಳುವಂಥದ್ದಲ್ಲ. ನಾಯಿ ಉಣ್ಣುವಾಗ, ಮಲಗಿದ್ದಾಗ ಮಗು ಮುಟ್ಟಬಾರದು. ಕುತ್ತಿಗೆ ಬಳಸಿ ತಬ್ಬಿಕೊಳ್ಳಬಾರದು, ನಮಗೆ ಅದು ಪ್ರೀತಿ, ನಾಯಿಗೆ ಉಸಿರುಗಟ್ಟಿದಂತೆ. ಮೈ ಸೆಟೆಯುವುದು, ತುಟಿ ನೆಕ್ಕಿಕೊಳ್ಳುವುದು, ಕಣ್ಣಿನ ಬಿಳಿ ಕಾಣುವಂತೆ ಓರೆಯಾಗಿ ನೋಡುವುದು, ಇವು ಸಾಕು ಎಂಬ ಸೂಚನೆ. ಗುರುಗುಟ್ಟಿದರೆ ಹೊಡೆಯಬೇಡಿ. ಗುರುಗುಟ್ಟುವುದನ್ನು ಬಿಡಿಸಿದರೆ ಮುಂದಿನ ಸಲ ಎಚ್ಚರಿಕೆಯಿಲ್ಲದೆ ಕಚ್ಚುತ್ತದೆ. ಮೊದಲ ಕೆಲವು ತಿಂಗಳು ಮಗುವನ್ನೂ ನಾಯಿಯನ್ನೂ ಕೋಣೆಯಲ್ಲಿ ಇಬ್ಬರನ್ನೇ ಬಿಟ್ಟು ದೊಡ್ಡವರು ಎದ್ದುಹೋಗಬಾರದು. ಇಷ್ಟನ್ನು ಪಾಲಿಸಲಾಗದ ಮನೆಗೆ ಮರಿಯೂ ಬೇಡ.

ಹುಬ್ಬಳ್ಳಿಯ ಶಿಕ್ಷಕ:
ಕೊನೆಯ ವಾಕ್ಯವನ್ನು ಒಪ್ಪುತ್ತೇನೆ. ಈ ಸೂಚನೆಗಳನ್ನು ನಮ್ಮ ಶಾಲೆಯ ಮಕ್ಕಳಿಗೂ ಹೇಳುತ್ತೇನೆ. ಆದರೆ ಆ ನಾಯಿ ಮಕ್ಕಳ ನಡುವೆ ಹೇಗಿರುತ್ತದೆ ಎಂದು ಕಣ್ಣಾರೆ ನೋಡದೆ ತರಬೇಡಿ ಎನ್ನುವ ನನ್ನ ಮಾತು ಹಾಗೆಯೇ ಇರಲಿ.

ಜಯನಗರದ ಬಾಡಿಗೆದಾರ:
ಮನೆ ಮಾಲೀಕರ ಪ್ರಶ್ನೆಗೆ ಉತ್ತರ. ಬಾಯಿಮಾತಿನ ಒಪ್ಪಿಗೆಯನ್ನು ನಂಬಬೇಡಿ. ನಮ್ಮ ಹಳೆಯ ಮನೆಯ ಮಾಲೀಕರು ಮೊದಲು ಹೂಂ ಎಂದು, ನಾಯಿ ಬಂದ ಮೇಲೆ ಮನೆ ಖಾಲಿ ಮಾಡಿ ಎಂದರು. ಬಾಡಿಗೆ ಕರಾರಿನಲ್ಲಿ ಒಂದು ಸಾಲು ಬರೆಸಿ, ಗೋಡೆ-ಬಾಗಿಲಿಗೆ ಹಾನಿಯಾದರೆ ಮುಂಗಡದಲ್ಲಿ ಹಿಡಿದುಕೊಳ್ಳಿ ಎಂದು ನೀವೇ ಮೊದಲು ಹೇಳಿ. ಅಪಾರ್ಟ್‌ಮೆಂಟ್ ಸಂಘದ ವಿಷಯ ಬೇರೆ. ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ, ಲಿಫ್ಟ್ ಬಳಸಬೇಡಿ ಎನ್ನುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲಿಯೇ ಮಾರ್ಗಸೂಚಿ ಹೊರಡಿಸಿದೆ. ಅದರ ಪ್ರತಿಯನ್ನು ಇಟ್ಟುಕೊಳ್ಳಿ, ಆದರೆ ಅದನ್ನು ಹಿಡಿದು ಜಗಳಕ್ಕೆ ಹೋಗುವ ಮೊದಲು ಅಕ್ಕಪಕ್ಕದವರನ್ನು ಒಮ್ಮೆ ಕರೆದು ನಾಯಿಯ ಪರಿಚಯ ಮಾಡಿಸಿ. ಮಲವನ್ನು ಚೀಲದಲ್ಲಿ ಎತ್ತಿ ಹಾಕುವವರ ಮೇಲೆ ಯಾರೂ ಹೆಚ್ಚು ದಿನ ಸಿಟ್ಟು ಇಟ್ಟುಕೊಳ್ಳುವುದಿಲ್ಲ.

ಬಾಗಲಕೋಟೆಯವ:
ಇದೇ ಸಂದರ್ಭದಲ್ಲಿ ಒಂದು ಮನವಿ. ದೇಸಿ ತಳಿಯ ಅಭಿಮಾನದಿಂದ ನಮ್ಮ ಮುಧೋಳ ನಾಯಿಯನ್ನು ಕೊಂಡು ಫ್ಲಾಟಿನಲ್ಲಿ ಇಡುವವರು ಈಗ ಹೆಚ್ಚಾಗಿದ್ದಾರೆ. 2005ರಲ್ಲಿ ಅಂಚೆಚೀಟಿಯ ಮೇಲೆ ಬಂದ ತಳಿ, ನಮಗೆಲ್ಲ ಹೆಮ್ಮೆಯೇ. ಆದರೆ ಅದು ಬಯಲಿನಲ್ಲಿ ಮೊಲದ ಹಿಂದೆ ಓಡಲೆಂದು ಬೆಳೆಸಿದ ನಾಯಿ. ಓಡಲು ಜಾಗವಿಲ್ಲದೆ ಸೊರಗುತ್ತದೆ, ಮನೆಯವರನ್ನೂ ಸೊರಗಿಸುತ್ತದೆ. ನಗರದ ಆಶ್ರಯಧಾಮಗಳಲ್ಲಿ ಹಸ್ಕಿ, ಲ್ಯಾಬ್ರಡಾರ್ ಜೊತೆಗೆ ಮುಧೋಳವೂ ಬಂದು ಬೀಳುತ್ತಿರುವುದು ನೋಡಿ ಹೊಟ್ಟೆ ಉರಿಯುತ್ತದೆ. ಸಾಕಿದ ಪ್ರಾಣಿಯನ್ನು ತೊರೆಯುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯಡಿ ಅಪರಾಧ, ಆದರೆ ಮೊದಲ ಸಲದ ದಂಡ ಹತ್ತರಿಂದ ಐವತ್ತು ರೂಪಾಯಿ. ಯಾರು ಹೆದರುತ್ತಾರೆ?

ಬರ್ಲಿನ್ ಕನ್ನಡಿಗ:
ಇಲ್ಲಿ ಆಶ್ರಯಧಾಮದಿಂದ ನಾಯಿ ಪಡೆಯಲು ನಾನು ಹಲವು ವಾರ ಹೋಗಿಬರಬೇಕಾಯಿತು. ಮೊದಲು ಮಾತುಕತೆ, ಆಮೇಲೆ ಅದರೊಡನೆ ನಡಿಗೆ, ಮನೆಯವರೆಲ್ಲರೂ ಬಂದು ಇನ್ನೊಂದು ನಡಿಗೆ, ಕೊನೆಗೆ ಲಿಖಿತ ಒಪ್ಪಂದ ಮತ್ತು ಶುಲ್ಕ. ಅದಲ್ಲದೆ ನಾಯಿಯ ಮೇಲೆ ವಾರ್ಷಿಕ ತೆರಿಗೆ ಇದೆ, ಆಶ್ರಯಧಾಮದ ನಾಯಿಗೆ ಕೆಲವು ನಗರಗಳು ಸ್ವಲ್ಪ ಕಾಲ ವಿನಾಯಿತಿ ಕೊಡುತ್ತವೆ. ಆರಂಭದಲ್ಲಿ ಬೇಸರವಾಗಿತ್ತು. ಆದರೆ ಆ ನಡಿಗೆಗಳಿಂದಾಗಿ ನಾಯಿ ಮನೆಗೆ ಬಂದ ದಿನ ನಾವು ಅದಕ್ಕೆ ಹೊಸಬರಾಗಿರಲಿಲ್ಲ. ಬೆಂಗಳೂರಿನಲ್ಲಿಯೂ ನೀವಾಗಿಯೇ ಹಾಗೆ ಮಾಡಬಹುದು, ಯಾರೂ ಬೇಡವೆನ್ನುವುದಿಲ್ಲ.

ಬನಶಂಕರಿ ನಿವಾಸಿ:
ಇಷ್ಟು ಅಕ್ಕರೆಯಿಂದ ಬರೆದ ಎಲ್ಲರಿಗೂ ಧನ್ಯವಾದಗಳು. ಎಲ್ಲವನ್ನೂ ಅತ್ತೆಗೆ ಓದಿ ಹೇಳಿದೆ. ಅವರದು ಎರಡು ಪ್ರಶ್ನೆ. ನಮ್ಮದು ಸಸ್ಯಾಹಾರಿ ಮನೆ, ಮೊಸರನ್ನ, ಚಪಾತಿ ತಿಂದು ಅದು ಬದುಕುತ್ತದೆಯೇ? ದೇವರ ಕೋಣೆಗೆ ಬಾಗಿಲಿಲ್ಲ, ಬರಿಯ ಪರದೆ. ಮಡಿಯಲ್ಲಿರುವಾಗ ಅದು ಬಂದು ಮುಟ್ಟಿದರೆ ಏನು ಮಾಡುವುದು?

ಮೈಸೂರಿನ ಅಜ್ಜಿ:
ನಿಮ್ಮ ಅತ್ತೆಗೆ ನನ್ನ ನಮಸ್ಕಾರ ಹೇಳಮ್ಮ. ನಮ್ಮ ಮನೆಯಲ್ಲಿಯೂ ನಿತ್ಯ ಪೂಜೆ ಇದೆ, ಆಶ್ರಯಧಾಮದಿಂದ ಬಂದ ನಾಯಿಯೂ ಇದೆ. ದೇವರ ಕೋಣೆಯ ಬಾಗಿಲಿಗೆ ಮಕ್ಕಳು ದಾಟದಂತೆ ಹಾಕುವ ಪುಟ್ಟ ಗೇಟನ್ನು ಹಾಕಿಸಿದೆವು. ಮೊದಲ ದಿನದಿಂದಲೇ ಹೊಸಿಲ ಹತ್ತಿರ ಬಂದರೆ ‘ಅಲ್ಲೇ ಇರು’ ಎಂದು ಹೇಳಿ, ಕೂತ ಮೇಲೆ ಒಂದು ಚೂರು ಕೊಬ್ಬರಿ ಕೊಡುತ್ತಿದ್ದೆ. ಈಗ ಗಂಟೆಯ ಸದ್ದು ಕೇಳಿದರೆ ತಾನೇ ಬಂದು ಹೊಸಿಲ ಆಚೆ ಕೂರುತ್ತದೆ, ಒಳಗೆ ಕಾಲಿಡುವುದಿಲ್ಲ. ನೈವೇದ್ಯದ ದ್ರಾಕ್ಷಿ, ಒಣದ್ರಾಕ್ಷಿ ಮಾತ್ರ ಅದರ ಬಾಯಿಗೆ ಸಿಗದಂತೆ ನೋಡಿಕೊಳ್ಳಿ. ಈರುಳ್ಳಿ, ಬೆಳ್ಳುಳ್ಳಿ, ಚಾಕೊಲೇಟ್ ಕೂಡ ನಾಯಿಗೆ ವಿಷ ಎಂದು ನಮ್ಮ ವೈದ್ಯರು ಹೇಳಿದ್ದಾರೆ. ಸಾರು ಕಲಸಿದ ಅನ್ನ ಹಾಕುವ ಅಭ್ಯಾಸವಿದ್ದರೆ ಬಿಡಬೇಕು.

ಹಾಸನದ ಪಶುವೈದ್ಯ:
ಅಜ್ಜಿ ಹೇಳಿದ್ದು ಸರಿ. ಬರಿಯ ಮೊಸರನ್ನ ಸಾಲದು, ಅದರಲ್ಲಿ ಸಸಾರಜನಕ ತೀರಾ ಕಡಿಮೆ. ಬೆಳೆಯುವ ಮರಿಗೆ ಬರಿಯ ಹಾಲು-ಅನ್ನ ಹಾಕಿ ಕಾಲು ಸೊಟ್ಟಗಾಗಿರುವುದನ್ನು ನಾನು ಎಷ್ಟೋ ಕಂಡಿದ್ದೇನೆ. ಬೆಳೆದ ನಾಯಿಯನ್ನು ಸಸ್ಯಾಹಾರದಲ್ಲಿ ಸಾಕಬಹುದು, ಆದರೆ ಲೆಕ್ಕವಿಟ್ಟು. ಮನೆಯಲ್ಲಿ ಮೊಟ್ಟೆ ಬೇಯಿಸಲು ಒಪ್ಪಿಗೆಯಿದ್ದರೆ ಅರ್ಧ ಚಿಂತೆ ಮುಗಿಯಿತು. ಇಲ್ಲದಿದ್ದರೆ ಪೂರ್ಣ ಪೋಷಣೆಯ ಒಣ ಆಹಾರವನ್ನು ಮುಖ್ಯವಾಗಿಟ್ಟು, ಜೊತೆಗೆ ಮೊಸರು, ಪನೀರ್, ಬೇಯಿಸಿದ ಕುಂಬಳ, ಕ್ಯಾರೆಟ್, ಸ್ವಲ್ಪ ರಾಗಿ ಕೊಡಿ. ಮೊದಲ ವಾರ ಮಾತ್ರ ಆಶ್ರಯಧಾಮದಲ್ಲಿ ತಿನ್ನುತ್ತಿದ್ದ ಆಹಾರವನ್ನೇ ಕೊಟ್ಟು, ನಿಧಾನವಾಗಿ ಬದಲಿಸಿ. ಏಕಾಏಕಿ ಬದಲಿಸಿದರೆ ಭೇದಿಯಾಗುತ್ತದೆ, ರೋಗವೆಂದು ನೀವು ಗಾಬರಿಯಾಗುತ್ತೀರಿ.

ಮಂಗಳೂರಿನ ಓದುಗ:
ಬೇರೆ ಊರಿನವರಿಗಾಗಿ ಒಂದು ಸಾಲು: ಬೆಂಗಳೂರಿನಲ್ಲಿ 1991ರಿಂದ ಕೆಲಸ ಮಾಡುತ್ತಿರುವ ಪ್ರಾಣಿ ಕಲ್ಯಾಣ ಸಂಸ್ಥೆ ಕ್ಯೂಪಾ, ಮೈಸೂರಿನಲ್ಲಿ ಪೀಪಲ್ ಫಾರ್ ಅನಿಮಲ್ಸ್, ನಮ್ಮಲ್ಲಿ ಶಕ್ತಿನಗರದ ಅನಿಮಲ್ ಕೇರ್ ಟ್ರಸ್ಟ್ ಇವೆ. ಮನೆಗೆ ತರಲಾಗದವರು ವಾರಕ್ಕೊಮ್ಮೆ ಹೋಗಿ ಅಲ್ಲಿನ ನಾಯಿಗಳನ್ನು ನಡೆಸಿಕೊಂಡು ಬಂದರೂ ಅವುಗಳಿಗೆ ದೊಡ್ಡ ಉಪಕಾರ. ಜನರ ಜೊತೆ ನಡೆದು ರೂಢಿಯಾದ ನಾಯಿಗೆ ಮನೆ ಬೇಗ ಸಿಗುತ್ತದೆ.

ಬನಶಂಕರಿ ನಿವಾಸಿ:
ಈ ಭಾನುವಾರ ಮತ್ತೆ ಹೋಗಿದ್ದೆವು, ಈ ಸಲ ಅತ್ತೆಯೂ ಬಂದಿದ್ದರು. ಗೂಡು ತೊಳೆಯುವ ಅಣ್ಣನನ್ನು ಕೇಳಿದೆವು. ಅವರ ಮಗ ರಜೆಯಲ್ಲಿ ಅಲ್ಲಿಗೇ ಬರುತ್ತಾನಂತೆ, ಈ ನಾಯಿ ಅವನ ಪಕ್ಕದಲ್ಲಿಯೇ ಮಲಗುತ್ತದಂತೆ. ಹೊರಗೆ ನಡೆಯುವಾಗ ಮಗಳು ಸ್ವಯಂಸೇವಕಿಯವರು ಹೇಳಿದಂತೆ ಮಾತನಾಡದೆ, ಮುಟ್ಟದೆ ನಡೆದಳು, ಅವಳಿಗೆ ಅದು ಎಷ್ಟು ಕಷ್ಟವೆಂದು ನಾನು ಬಲ್ಲೆ. ಅತ್ತೆ ಕಟ್ಟೆಯ ಮೇಲೆ ಕೂತಾಗ ನಾಯಿ ತಾನಾಗಿಯೇ ಹೋಗಿ ಅವರ ಸೀರೆಯ ಅಂಚನ್ನು ಮೂಸಿತು. ‘ಮರಿ ನನ್ನ ಕೈಲಾಗದು, ಇದಾದರೆ ನೋಡಿಕೊಳ್ಳುತ್ತೇನೆ’ ಎಂದರು. ಯಜಮಾನರು ಮನೆ ಮಾಲೀಕರೊಡನೆ ಮಾತನಾಡಿ, ಕರಾರಿಗೆ ಒಂದು ಸಾಲು ಸೇರಿಸಲು ಒಪ್ಪಿಸಿದ್ದಾರೆ. ದೀಪಾವಳಿ ಇನ್ನು ಹತ್ತು ದಿನವಿದೆ. ಹಬ್ಬಕ್ಕೆ ಮುಂಚೆಯೇ ಕರೆತರೋಣ ಎಂದು ಮಗಳ ಆಸೆ. ಏನು ಹೇಳುತ್ತೀರಿ?

ಯಲಹಂಕದ ಸ್ವಯಂಸೇವಕಿ:
ಓದಿ ಬಹಳ ಸಂತೋಷವಾಯಿತು. ಹಬ್ಬಕ್ಕೆ ಮುಂಚೆ ಮಾತ್ರ ಬೇಡ. ವರ್ಷದಲ್ಲಿ ಅತಿ ಹೆಚ್ಚು ನಾಯಿಗಳು ಕಳೆದುಹೋಗಿವೆ ಎಂದು ನಮಗೆ ಕರೆ ಬರುವುದು ದೀಪಾವಳಿಯ ಆ ನಾಲ್ಕು ರಾತ್ರಿಗಳಲ್ಲಿ. ಹಳೆಯ ಮನೆಯ ನಾಯಿಯೇ ಪಟಾಕಿಗೆ ಹೆದರಿ ಓಡುತ್ತದೆ, ಹೊಸದಾಗಿ ಬಂದದ್ದರ ಗತಿ ಯೋಚಿಸಿ. ಅದನ್ನು ನಿಮಗಾಗಿ ಕಾದಿರಿಸಲು ಹೇಳಿ, ಅಷ್ಟರೊಳಗೆ ಎರಡು ಸಲ ಹೋಗಿ ನಡೆಸಿಕೊಂಡು ಬನ್ನಿ, ನೀವು ಹೊದ್ದ ಹಳೆಯ ಬೆಡ್‌ಶೀಟ್ ಒಂದನ್ನು ಅದರ ಗೂಡಿನಲ್ಲಿ ಬಿಟ್ಟು ಬನ್ನಿ. ಮಗಳಿಗೆ ಬಾಲ್ಕನಿಗೆ ಜಾಲರಿ ಕಟ್ಟಿಸುವ, ಚಾಪೆ ಹಾಸುವ ಕೆಲಸ ವಹಿಸಿ. ಹಬ್ಬ ಮುಗಿದ ಮೇಲೆ, ಉಳಿದ ಪಟಾಕಿಗಳ ಸದ್ದೂ ಅಡಗಿದ ಮೇಲೆ, ಶುಕ್ರವಾರ ಸಂಜೆಯ ಬದಲು ಶನಿವಾರ ಬೆಳಿಗ್ಗೆ ಕರೆತನ್ನಿ, ಎರಡು ಹಗಲು ನೀವಿಬ್ಬರೂ ಮನೆಯಲ್ಲಿರುತ್ತೀರಿ. ಆ ವಾರ ನೆಂಟರಿಷ್ಟರು ಯಾರನ್ನೂ ನೋಡಲು ಕರೆಯಬೇಡಿ.